ಹಿಂಭಾರ

ಊರಿನ ನಮ್ಮ ಮನೆಯಿಂದ ಹೇಮಾವತಿ ಹಿನ್ನೀರಿಗೆ 4 ಕಿಲೋಮೀಟರ್. ನನ್ನ ಕಯಾಕ್ 10 ಅಡಿ ಉದ್ದ, 30 ಕಿಲೋ ತೂಕ. ಹೊತ್ತುಕೊಂಡು ಹೋಗೋ ಮಾತೇ ಇಲ್ಲ. ಎರಡು ಗಾಲಿಯ ಚಿಕ್ಕ ಟ್ರೇಲರ್ ವೆಲ್ಡ್ ಮಾಡಿಸಿ ಬುಲೆಟ್ಟಿಗೆ ಸಿಕ್ಕಿಸಿದೆ.

ಮೊದಲ ದಿನ ಐಸ್‌ಬಾಕ್ಸು, ಲಂಗರು, ಗಾಳದ ಪೆಟ್ಟಿಗೆ ಎಲ್ಲವನ್ನೂ ಕಯಾಕಿನ ಹಿಂಬದಿಗೆ ತುಂಬಿ ಹೊರಟೆ. ಇಳಿಜಾರಿನಲ್ಲಿ ಸ್ಪೀಡು 40 ಮುಟ್ಟಿದ್ದೇ ತಡ, ಟ್ರೇಲರ್ ಅತ್ತಿಂದಿತ್ತ ಓಲಾಡೋಕೆ ಶುರುಮಾಡ್ತು. ಜೊತೆಗೆ ಬುಲೆಟ್ಟೂ. ಗಾಬರಿಯಲ್ಲಿ ಬ್ರೇಕ್ ಒತ್ತಿದ್ರೆ ಪಕ್ಕದ ಹಳ್ಳದಲ್ಲಿ ಇರ್ತಿದ್ದೆ. ಆಕ್ಸಿಲರೇಟರ್ ಬಿಟ್ಟು, ಹೇಗೋ ನಿಲ್ಲಿಸಿ, ನಿಧಾನಕ್ಕೆ ಮನೆಗೆ ವಾಪಸ್ ಬಂದೆ.

ಜಗಲಿ ಮೇಲಿದ್ದ ಅಪ್ಪ ಎದ್ದು ಬಂದ್ರು. ಕೊಂಡಿ ಬಿಚ್ಚಿಸಿ, ಟ್ರೇಲರಿನ ಮುಂದಿನ ಕಂಬಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದ್ರು.

"ಹಿಂಭಾರ ಆಗೈತೆ ಕಣ್ಲಾ. ಗಾಡಿ ಹಿಂಗೆ ಹೇರಿದ್ರೆ ಮೂಕಿ ಮೇಲೆದ್ದು ಎತ್ತಿನ ಕುತ್ಗೆ ಬಿಗೀತದೆ. ಮುಂಭಾರ ಜಾಸ್ತಿ ಆದ್ರೂ ಹೆಗಲು ಸೋಲ್ತದೆ. ಕೈಗೆ ಒಂಚೂರು ಭಾರ ಸಿಗ್ಬೇಕು, ಅಷ್ಟೆ."

ಐಸ್‌ಬಾಕ್ಸನ್ನು ಅವರೇ ಗಾಲಿಗಿಂತ ಮುಂದಕ್ಕೆ ಸರಿಸಿ ಕಟ್ಟಿದ್ರು.

ಆಮೇಲೆ ಓದಿ ನೋಡಿದೆ. ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ಶೇ. 10ರಷ್ಟು ಕೊಂಡಿಯ ಮೇಲೆ ಬೀಳಬೇಕಂತೆ. ನಾಲ್ಕು ವರ್ಷ ಬಿಇ ಓದಿದ ನನಗೆ ಹೊಳೆಯದ್ದು ಅಪ್ಪನ ಕೈಗೆ ಗೊತ್ತಿತ್ತು. ನನ್ನ ಎರಡನೇ ವರ್ಷದ ಫೀಸಿಗೆ ಅವರು ಗಾಡಿ, ಜೋಡೆತ್ತು ಎರಡನ್ನೂ ಮಾರಿದ್ರು.

ಮರುದಿನ ಅಪ್ಪನೂ ಬಂದ್ರು. ಹಿಂದಿನ ಸೀಟಲ್ಲಿ ಕೂತು ದಾರಿಯುದ್ದಕ್ಕೂ ತಿರುಗಿ ತಿರುಗಿ ಟ್ರೇಲರನ್ನೇ ನೋಡ್ತಿದ್ರು. ಅದು ಅಲುಗಾಡಲಿಲ್ಲ. ಸಂಜೆವರೆಗೆ ಸಿಕ್ಕಿದ್ದು ಎರಡೇ ಜಿಲೇಬಿ ಮೀನು. ಎತ್ತುಗಳ ಮಾತು ಅವರೂ ತೆಗೀಲಿಲ್ಲ, ನಾನೂ ತೆಗೀಲಿಲ್ಲ.