ಅರಿವಿಗೆ ಕವಿದ ಮಂಕು

2022ರ ಭಾದ್ರಪದ ಮಾಸ. ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರ ಬಸದಿಯಲ್ಲಿ ದಶಲಕ್ಷಣ ಪರ್ವದ ಸಂಜೆ. 22 ವರ್ಷದ ಯುವಕನೊಬ್ಬ ಭಕ್ತಾಮರ ಸ್ತೋತ್ರವನ್ನು ಪಠಿಸಲು ಎದ್ದು ನಿಂತ. ಹತ್ತನೆಯ ವಯಸ್ಸಿನಲ್ಲಿಯೇ ಅದರ 48 ಶ್ಲೋಕಗಳನ್ನೂ ತಡವರಿಸದೆ ಒಪ್ಪಿಸಿ ಹಿರಿಯರ ಮೆಚ್ಚುಗೆ ಪಡೆದವನು ಅವನು. ಆ ದಿನ ಹನ್ನೊಂದನೆಯ ಶ್ಲೋಕಕ್ಕೆ ಬಂದಾಗ ಮಾತು ನಿಂತಿತು. ಮುಂದಿನ ಪದವಷ್ಟೇ ಅಲ್ಲ, ಈಗ ತಾನೇ ಹೇಳಿದ ಸಾಲೂ ನೆನಪಿನಿಂದ ಜಾರಿಹೋಗಿತ್ತು. ಪಕ್ಕದಲ್ಲಿದ್ದವರು ಎತ್ತಿಕೊಟ್ಟರೂ ಅವನಿಂದ ಮುಂದುವರಿಯಲಾಗಲಿಲ್ಲ. ತಲೆ ತಗ್ಗಿಸಿ ಹೊರನಡೆದ.

ಅದು ಒಂದು ದಿನದ ಮರೆವಾಗಿರಲಿಲ್ಲ. ನಗರದಲ್ಲಿ ಲೆಕ್ಕಪರಿಶೋಧನೆಯ ವ್ಯಾಸಂಗಕ್ಕೆಂದು ನೆಲೆಸಿದ್ದ ಅವನಿಗೆ ಕಳೆದ ಎಂಟು ತಿಂಗಳಿಂದ ಒಂದೇ ಪುಟವನ್ನು ನಾಲ್ಕು ಬಾರಿ ಓದಿದರೂ ಅರ್ಥ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಅಂಕಿಗಳನ್ನು ಕೂಡುವಾಗ ಎಲ್ಲಿಗೆ ಬಂದೆನೆಂಬುದು ಮರೆಯುತ್ತಿತ್ತು. ಎದುರಿನವರ ಮಾತು ಗೋಡೆಯಾಚೆಯಿಂದ ಕೇಳಿದಂತಾಗುತ್ತಿತ್ತು. ಒಂದು ಪರೀಕ್ಷೆ ಕೈಬಿಟ್ಟಿತು. ಎರಡನೆಯದಕ್ಕೆ ಅವನು ಕೂರಲೇ ಇಲ್ಲ.

ಮನೆಯಲ್ಲಿ ಇದಕ್ಕೆ ಕಾರಣಗಳ ಕೊರತೆಯಿರಲಿಲ್ಲ. ತಾಯಿ ದೃಷ್ಟಿ ತೆಗೆದರು. ತಂದೆ ಮೊಬೈಲನ್ನೂ ಸೋಮಾರಿತನವನ್ನೂ ದೂಷಿಸಿದರು. ‘ಓದುವ ಮನಸ್ಸಿದ್ದವನಿಗೆ ಓದು ಏಕೆ ಹತ್ತುವುದಿಲ್ಲ?’ ಎಂಬ ಅವರ ಒಂದು ಮಾತು ಮಗನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅಜ್ಜನು ಜ್ಞಾನಾವರಣೀಯ ಕರ್ಮದ ಉದಯವೆಂದು ಹೇಳಿ ನಿಟ್ಟುಸಿರು ಬಿಟ್ಟ. ಯುವಕನಿಗೆ ಈ ಮೂರರಲ್ಲಿ ಕೊನೆಯದೇ ಹೆಚ್ಚು ಭಯ ತಂದಿತು. ಕರ್ಮವೇ ಕಾರಣವಾದರೆ ಸಹಿಸುವುದನ್ನು ಬಿಟ್ಟು ತಾನು ಮಾಡುವುದೇನು?

ಆದರೂ ಅವನು ಉತ್ತರ ಹುಡುಕಿದ. ಮೊದಲನೆಯ ವೈದ್ಯರು ನಿಶ್ಶಕ್ತಿಯೆಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆ ಕೊಟ್ಟರು. ಮೂರು ತಿಂಗಳ ತರುವಾಯ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ‘ರಕ್ತ ಚೆನ್ನಾಗಿದೆ, ರೋಗವೇನೂ ಇಲ್ಲ’ ಎಂದರು. ಎರಡನೆಯವರು ಪರೀಕ್ಷೆಯ ಆತಂಕವೆಂದು ನಿದ್ರೆಗೆ ಮಾತ್ರೆ ಬರೆದರು. ರೋಗವಿಲ್ಲವೆಂಬ ಮಾತು ಸಮಾಧಾನ ತರಬೇಕಿತ್ತು. ಬದಲಾಗಿ, ದೋಷವೆಲ್ಲ ತನ್ನದೇ ಎಂಬ ಭಾವನೆಯನ್ನು ಬಲಪಡಿಸಿತು.

2023ರ ಆರಂಭದಲ್ಲಿ ಕಂಡ ಮೂರನೆಯ ವೈದ್ಯರು ಬೇರೆ ಬಗೆಯ ಪ್ರಶ್ನೆಗಳನ್ನು ಕೇಳಿದರು. ಬಾಲ್ಯದಲ್ಲಿಯೂ ಗಮನ ಹೀಗೆಯೇ ಚದುರುತ್ತಿತ್ತೇ? ಮನಸ್ಸು ಸದಾ ಖಿನ್ನವಾಗಿರುತ್ತದೆಯೇ? ರಾತ್ರಿ ಗೊರಕೆಯುಂಟೇ? ಪಾದಗಳು ಜುಮುಗುಟ್ಟುತ್ತವೆಯೇ? ಏನು ಊಟ ಮಾಡುತ್ತೀರಿ? ಹುಟ್ಟಿನಿಂದ ಬರುವ ಗಮನದ ಕೊರತೆ ಬಾಲ್ಯದಲ್ಲಿಯೇ ತೋರುತ್ತದೆ. 48 ಶ್ಲೋಕಗಳನ್ನು ಕಂಠಸ್ಥ ಮಾಡಿದ ಬಾಲಕನಲ್ಲಿ ಅದರ ಸುಳಿವಿರಲಿಲ್ಲ. ಆದರೆ ಪಾದಗಳು ಜುಮುಗುಟ್ಟುತ್ತಿದ್ದುದು ನಿಜ. ಕಂಪಿಸುವ ಶ್ರುತಿಕವೆಯನ್ನು ಹೆಬ್ಬೆರಳಿಗೆ ತಾಗಿಸಿದಾಗ ಅದರ ಕಂಪನ ಅವನಿಗೆ ಅರಿವಾಗಲಿಲ್ಲ. ಊಟದ ಪ್ರಶ್ನೆಗೆ ಅವನು ತುಸು ತಡೆದು ಉತ್ತರಿಸಿದ: 2019ರಿಂದ ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟಿರಲಿಲ್ಲ. ಕರುವಿನ ಪಾಲನ್ನು ಕಸಿಯುವುದು ತನ್ನ ಅಹಿಂಸೆಗೆ ಒಪ್ಪದೆಂದು ಸ್ವಂತ ನಿಶ್ಚಯದಿಂದ ಬಿಟ್ಟಿದ್ದ. ಎಮ್ಮೆ ಕಟ್ಟಿ ಹಾಲು ಮಾರಿಯೇ ಮಗನನ್ನು ಓದಿಸುತ್ತಿದ್ದ ತಂದೆಗೆ ಅದನ್ನು ಹೇಳಿರಲಿಲ್ಲ.

ಥೈರಾಯ್ಡ್ ಪರೀಕ್ಷೆ ಸರಿಯಾಗಿತ್ತು. ಬಿ12 ಜೀವಸತ್ತ್ವ ಮಾತ್ರ ಒಂದು ಮಿಲಿಲೀಟರಿಗೆ 118 ಪಿಕೋಗ್ರಾಂ ಇತ್ತು. 200ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಅದನ್ನು ಕೊರತೆಯೆಂದು ಪರಿಗಣಿಸುತ್ತಾರೆ.

ಈ ಜೀವಸತ್ತ್ವವನ್ನು ಸಸ್ಯಗಳೂ ಪ್ರಾಣಿಗಳೂ ತಯಾರಿಸಲಾರವು. ಅದು ಸೂಕ್ಷ್ಮಾಣುಗಳಿಂದ ಮಾತ್ರ ಉತ್ಪನ್ನವಾಗುತ್ತದೆ. 1948ರಲ್ಲಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು. ನರಗಳ ಹೊದಿಕೆಗೂ ರಕ್ತಕಣಗಳಿಗೂ ಅದು ಅವಶ್ಯಕ. ದಿನಕ್ಕೆ ಬೇಕಾದುದು ಎರಡು ಮೈಕ್ರೋಗ್ರಾಂಗಿಂತ ತುಸು ಹೆಚ್ಚು ಮಾತ್ರ. ಸಸ್ಯಾಹಾರಿಗಳಿಗೆ ಹಾಲೇ ಅದರ ಮುಖ್ಯ ಆಧಾರವಾದರೂ ಅರ್ಧ ಲೀಟರು ಹಾಲಿನಲ್ಲಿ ಸಿಗುವುದು ಸುಮಾರು 2 ಮೈಕ್ರೋಗ್ರಾಂ. ಎರಡು ಲೋಟ ಚಹಾ, ಒಂದು ಲೋಟ ತಿಳಿಮಜ್ಜಿಗೆಯಿಂದ ಅದು ತುಂಬುವುದಿಲ್ಲ. ಯಕೃತ್ತು ಹಲವು ವರ್ಷಗಳ ದಾಸ್ತಾನು ಇಟ್ಟುಕೊಳ್ಳುವುದರಿಂದ ಕೊರತೆ ತಡವಾಗಿ ತೋರುತ್ತದೆ. ಫೋಲಿಕ್ ಆಮ್ಲದಿಂದ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಲ್ಲದು. ಯುವಕನಲ್ಲಿ ನಡೆದುದೂ ಇದೇ ಎಂದು ವೈದ್ಯರು ವಿವರಿಸಿದರು.

ಉತ್ತರ ದೊರೆತಾಗ ಅವನಿಗೆ ಸಂತೋಷಕ್ಕಿಂತ ಮೊದಲು ಸಂಕಟವಾಯಿತು. ತನ್ನ ವ್ರತವೇ ತನ್ನನ್ನು ಕೆಡಿಸಿತೇ? ಈಗ ಅದನ್ನು ಮುರಿಯಬೇಕೇ? ವೈದ್ಯರು ನಕ್ಕರು. ಔಷಧದ ಬಿ12 ಕಾರ್ಖಾನೆಗಳಲ್ಲಿ ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ಬರುತ್ತದೆ, ಪ್ರಾಣಿಯ ಅಂಗದಿಂದಲ್ಲ; ಜಿಲಾಟಿನ್ ಹೊದಿಕೆಯ ಕ್ಯಾಪ್ಸೂಲು ಬೇಡವಾದರೆ ಗುಳಿಗೆಯುಂಟು, ಚುಚ್ಚುಮದ್ದುಂಟು ಎಂದರು. ಸೂಕ್ಷ್ಮಾಣುಗಳೂ ಏಕೇಂದ್ರಿಯ ಜೀವಿಗಳೇ ಎಂಬುದು ಅವನಿಗೆ ಗೊತ್ತಿತ್ತು. ಶ್ರಾವಕನ ಅಹಿಂಸೆ ಅಣುವ್ರತವೆಂಬುದೂ ಗೊತ್ತಿತ್ತು.

ಉಳಿದ ಸಂಶಯವನ್ನು ಬಸದಿಯ ವೃದ್ಧ ಪಂಡಿತರ ಮುಂದಿಟ್ಟ. ಕರ್ಮದ ಉದಯವಾದರೆ ಚಿಕಿತ್ಸೆ ವ್ಯರ್ಥವಲ್ಲವೇ? ಅವರು ಮರುಪ್ರಶ್ನೆ ಹಾಕಿದರು: ‘ಚಿಕಿತ್ಸೆ ವ್ಯರ್ಥವಾದರೆ ನಾಲ್ಕು ದಾನಗಳಲ್ಲಿ ಔಷಧದಾನವನ್ನು ಏಕೆ ಸೇರಿಸಿದರು? ಉದಯಕ್ಕೆ ನಿಮಿತ್ತ ಬೇಕು. ನಿಮಿತ್ತವನ್ನು ಸರಿಪಡಿಸುವುದು ಪುರುಷಾರ್ಥ. ಕರ್ಮದ ಹೆಸರಿನಲ್ಲಿ ಕೈಕಟ್ಟಿ ಕೂರುವುದು ಪ್ರಮಾದ.’

ಚುಚ್ಚುಮದ್ದು ಮೊದಲು ದಿನ ಬಿಟ್ಟು ದಿನ, ಅನಂತರ ವಾರಕ್ಕೊಂದು, ಬಳಿಕ ತಿಂಗಳಿಗೊಂದರಂತೆ ನಡೆಯಿತು. ಮಂಕು ಒಮ್ಮೆಲೇ ಸರಿಯಲಿಲ್ಲ. ಆರನೆಯ ವಾರದಲ್ಲಿ ಒಂದು ಪುಟ ಓದಿ ಮುಗಿಸಿದಾಗ ಅದು ನೆನಪಿನಲ್ಲಿ ಉಳಿದಿತ್ತು. ಆರು ತಿಂಗಳಲ್ಲಿ ಓದು ಹಳಿಗೆ ಬಂದಿತು. ಕಾಲ್ಬೆರಳುಗಳ ಜುಮುಗು ಮಾತ್ರ ಪೂರ್ತಿ ಹೋಗಲಿಲ್ಲ. ತಡವಾದ ನರಹಾನಿ ಕೆಲವೊಮ್ಮೆ ಹೀಗೆ ಉಳಿದುಬಿಡುತ್ತದೆ. ಕಳೆದ ವರ್ಷವೂ ಮರಳಲಿಲ್ಲ. ಈ ನಡುವೆ ತಾಯಿಯ ಪರೀಕ್ಷೆಯನ್ನೂ ಮಾಡಿಸಲಾಯಿತು. ನಿತ್ಯ ಮಜ್ಜಿಗೆ ಕುಡಿಯುತ್ತಿದ್ದ ಆಕೆಯಲ್ಲಿಯೂ ಕೊರತೆಯಿತ್ತು. ವಯಸ್ಸಿನ ಕಾಲುನೋವೆಂದು ವರ್ಷಗಟ್ಟಲೆ ಸಹಿಸಿಕೊಂಡಿದ್ದಳು.

2023ರ ಕ್ಷಮಾವಣಿಯ ದಿನ ಬಸದಿಯಿಂದ ಮರಳಿದ ತಂದೆ ಮಗನ ಎದುರು ಕೈಜೋಡಿಸಿದರು. ‘ತಮ್ಮಾ, ನಿನ್ನ ರೋಗಕ್ಕೆ ಸೋಮಾರಿತನವೆಂದು ಹೆಸರಿಟ್ಟೆ. ಕ್ಷಮಿಸು’ ಎಂದರು. ಮಗನು ಅವರ ಕೈಹಿಡಿದು ಮುಚ್ಚಿಟ್ಟ ಮಾತನ್ನು ಹೇಳಿದ: ‘ಅಪ್ಪಾ, ಹಾಲು ಬಿಟ್ಟದ್ದನ್ನು ನಾಲ್ಕು ವರ್ಷ ನಿಮಗೆ ಹೇಳಲಿಲ್ಲ. ನೀವೂ ಕ್ಷಮಿಸಬೇಕು.’ ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, ಗುಳಿಗೆ ತಪ್ಪಿಸಬೇಡವೆಂದಷ್ಟೇ ಹೇಳಿ ಕೊಟ್ಟಿಗೆಗೆ ನಡೆದರು.

ಮನಸ್ಸು ಮಂಕಾದವರೆಲ್ಲರಿಗೂ ಕಾರಣ ಇದೊಂದೇ ಅಲ್ಲ. ಥೈರಾಯ್ಡ್ ದೋಷ, ರಕ್ತಹೀನತೆ, ನಿದ್ರೆಯ ತೊಂದರೆ, ಖಿನ್ನತೆ ಇವೂ ಹಾಗೆಯೇ ಕಾಣಿಸಿಕೊಳ್ಳುತ್ತವೆ. ಒಂದೊಂದಕ್ಕೂ ಬೇರೆ ಚಿಕಿತ್ಸೆಯುಂಟು. ಆದರೆ ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಗದರುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸುವುದು ಯಾವ ಮನೆಗೂ ಭಾರವಲ್ಲ. ವಿದ್ಯಾರ್ಥಿನಿಲಯಗಳನ್ನು ನಡೆಸುವ ಬಸದಿಗಳ ವಿಶ್ವಸ್ತ ಮಂಡಳಿಗಳು ವರ್ಷಕ್ಕೊಮ್ಮೆ ಅದರ ಏರ್ಪಾಡು ಮಾಡಿದರೆ ಅದು ಔಷಧದಾನವೂ ಹೌದು, ಜ್ಞಾನದಾನವೂ ಹೌದು.