ಹಿಮದ ಹಾದಿಯಲ್ಲಿ ಮಗಳ ಓಟ

ಆದೋನಿ ಸೀಮೆಯವರಾದ ನಮಗೆ ಆಕಾಶದಿಂದ ಬೀಳುವ ಮಂಜುಗಡ್ಡೆಯೆಂದರೆ ಆಲಿಕಲ್ಲು ಮಾತ್ರ. ಅದೂ ಬೇಸಗೆಯ ಮಳೆಯಲ್ಲಿ ಎಂದೋ ಒಮ್ಮೆ ಬಿದ್ದು, ಮಕ್ಕಳು ಆಯ್ದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕರಗಿಹೋಗುತ್ತದೆ. ನಮ್ಮ ನುಡಿಯೂ ಈ ಒಂದು ವಿಷಯದಲ್ಲಿ ಸ್ವಲ್ಪ ಬಡವೆಯೇ. ಮುಂಜಾನೆ ಹೊಲದ ಮೇಲೆ ಕವಿಯುವುದೂ ಮಂಜು, ಹಿಮಾಲಯದ ಮೇಲೆ ಬೀಳುವುದೂ ಮಂಜು. 'ಹಿಮ'ವನ್ನು ಸಂಸ್ಕೃತದಿಂದ ತಂದುಕೊಂಡೆವು. ಎಷ್ಟೋ ವರ್ಷ ತರಗತಿಯಲ್ಲಿ ಆ ಶಬ್ದದ ಅರ್ಥವನ್ನು ಹೇಳಿಕೊಟ್ಟ ನಾನು ಅದನ್ನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ, 2018-19ರ ಚಳಿಗಾಲದಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿರುವ ಮಗಳ ಮನೆಗೆ ಹೋದಾಗ.

ಮಿನ್ನೆಸೋಟ ರಾಜ್ಯದ ಆ ನಗರದ ನಡುವೆ ಮಿಸಿಸಿಪ್ಪಿ ನದಿ ಹರಿಯುತ್ತದೆ. ಊರೊಳಗೇ ಹಲವು ಕೆರೆಗಳಿವೆ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸರಾಸರಿ ಸೊನ್ನೆಗಿಂತ 13 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಜನರು ಗುಡಿಸಲು ಹೂಡಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾರೆ. ಇದನ್ನು ಊರಿಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ.

ಹೋದ ಮೂರನೆಯ ದಿನವಿರಬೇಕು. ನಸುಕಿನ ಐದೂವರೆಗೆ ಬಾಗಿಲ ಸದ್ದಾಗಿ ಎದ್ದು ಬಂದೆ. ನಲವತ್ತರ ಹತ್ತಿರದ ಮಗಳು ಮೆಟ್ಟಿಲ ಮೇಲೆ ಕುಳಿತು ಬೂಟಿಗೆ ಉಕ್ಕಿನ ಚಿಕ್ಕ ಮುಳ್ಳುಗಳಿದ್ದ ರಬ್ಬರ್ ಪಟ್ಟಿಯನ್ನು ಎಳೆದು ತೊಡಿಸುತ್ತಿದ್ದಳು. ಹಣೆಗೆ ಗಣಿಯ ಕೂಲಿಗಳಂತೆ ದೀಪ ಕಟ್ಟಿಕೊಂಡಿದ್ದಳು. ಎಲ್ಲಿಗೆಂದು ಕೇಳಿದೆ. "ಓಡಾಕ ಹೊಂಟೀನಿ ಅಪ್ಪಾ, ನೀವು ಮಲಗ್ರಿ" ಎಂದು ಕತ್ತಲಲ್ಲಿ ಕರಗಿದಳು. ನನ್ನ ಹೆಂಡತಿಗೆ ಅವಳು ಮರಳುವವರೆಗೂ ಕಿಟಕಿಯೇ ದೇವರ ಕೋಣೆಯಾಯಿತು.

ಮರಳಿದಾಗ ನೋಡಬೇಕಿತ್ತು ಅವಳನ್ನು. ರೆಪ್ಪೆಗಳ ಮೇಲೆ, ಹಣೆಯ ಕೂದಲ ಮೇಲೆ, ಮೂಗಿಗೆ ಸುತ್ತಿದ ಬಟ್ಟೆಯ ಮೇಲೆ ಅವಳ ಉಸಿರೇ ಬೆಳ್ಳಗೆ ಹೆಪ್ಪುಗಟ್ಟಿತ್ತು. ಒಂದು ಗಂಟೆಯಲ್ಲಿ ಮಗಳು ಮುದುಕಿಯಾಗಿ ಬಂದು, ಒಲೆಯ ಮುಂದೆ ನಿಂತು ಮತ್ತೆ ಹುಡುಗಿಯಾದಳು.

ದಿನಗಳೆದಂತೆ ಈ ಓಟದ ವ್ಯಾಕರಣ ನನಗೆ ತಿಳಿಯತೊಡಗಿತು. ಹೊರಡುವಾಗ ಮೈಗೆ ತುಸು ಚಳಿಯೆನಿಸಬೇಕು. ಬೆಚ್ಚಗೆನಿಸಿದರೆ ಬಟ್ಟೆ ಹೆಚ್ಚಾಯಿತೆಂದು ಅರ್ಥ. ಮೊದಲು ಗಾಳಿಗೆ ಎದುರಾಗಿ ಓಡಬೇಕು, ಮರಳುವಾಗ ಗಾಳಿ ಬೆನ್ನಿಗಿರಬೇಕು. ಇಲ್ಲವಾದರೆ ಬೆವರಿದ ಮೈಗೆ ಎದುರುಗಾಳಿ ಬಡಿದು ಪ್ರಾಣಕ್ಕೇ ಅಪಾಯ. ಉದ್ದನೆಯ ಹೆಜ್ಜೆ ಸಲ್ಲದು. ಪಾದ ಮೈಯ ನೇರಕ್ಕೇ ಬೀಳಬೇಕು. ಹಿಮಕ್ಕಿಂತ ಮೋಸದ್ದೆಂದರೆ ಡಾಂಬರಿನ ಮೇಲೆ ಗಾಜಿನಂತೆ ಕೂತ, ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಬಟ್ಟೆಯ ನಿಯಮ. ಚಳಿಯೆಂದು ಹೆದರಿ ಆದೋನಿಯಿಂದ ಮಗಳಿಗಾಗಿ ದಪ್ಪನೆಯ ಹತ್ತಿಯ ಬನಿಯನ್ನುಗಳನ್ನು ಕೊಂಡೊಯ್ದಿದ್ದೆವು. ಅವಳು ನಕ್ಕು ಕಪಾಟಿನಲ್ಲಿಟ್ಟಳು. ಹತ್ತಿ ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದಂತೆ. ಆ ಒದ್ದೆ ಮೈಯ ಕಾವನ್ನೆಲ್ಲ ಕದಿಯುತ್ತದೆ. ಆದ್ದರಿಂದ ಒಳಗೆ ಬೆವರನ್ನು ಹೊರದೂಡುವ ಕೃತಕ ನೂಲಿನ ಅಂಗಿ, ಅದರ ಮೇಲೆ ಉಣ್ಣೆ, ಎಲ್ಲಕ್ಕೂ ಹೊರಗೆ ಗಾಳಿ ತಡೆಯುವ ತೆಳು ಕೋಟು. ಹತ್ತಿಯ ಮಾರುಕಟ್ಟೆಯಿಂದಲೇ ಅನ್ನ ಉಣ್ಣುವ ಊರಿನವನಿಗೆ, ಹತ್ತಿ ಮೈಗೆ ಆಗದ ದೇಶವೊಂದಿದೆ ಎಂಬುದು ಅರಗಲು ಕೆಲವು ದಿನ ಹಿಡಿಯಿತು.

ಜನವರಿ 30ರಂದು ಉಷ್ಣತೆ ಸೊನ್ನೆಗಿಂತ 33 ಡಿಗ್ರಿ ಕೆಳಗಿಳಿಯಿತು. ಶಾಲೆಗಳು ಮುಚ್ಚಿದವು. ಅಂಚೆಯವರೂ ಬರಲಿಲ್ಲ. ಅಂದು ಅವಳೂ ಓಡಲಿಲ್ಲ. ಹಟಕ್ಕೂ ವಿವೇಕಕ್ಕೂ ನಡುವಿನ ಗೆರೆ ಅವಳಿಗೆ ಗೊತ್ತಿತ್ತು. ಮರುತಿಂಗಳು ಅಲ್ಲಿ ಬಿದ್ದ ಹಿಮ 39 ಅಂಗುಲ. ಆ ನಗರದ ದಾಖಲೆಗಳಲ್ಲಿ ಅಷ್ಟು ಹಿಮ ಕಂಡ ಫೆಬ್ರವರಿ ಮತ್ತೊಂದಿರಲಿಲ್ಲ. ಆ ತಿಂಗಳೂ ಅವಳ ಓಟ ನಿಲ್ಲಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಇದೇ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಮಂಡಲ ಮಟ್ಟದ 800 ಮೀಟರ್ ಓಟದಲ್ಲಿ ಮೊದಲಿಗಳಾಗಿದ್ದಳು. ಕರ್ನೂಲಿನ ಜಿಲ್ಲಾ ಕ್ರೀಡಾಕೂಟಕ್ಕೆ ಕಳುಹಿಸಬೇಕೆಂದು ವ್ಯಾಯಾಮ ಶಿಕ್ಷಕರು ಪತ್ರ ಬರೆದು ನನ್ನ ಮೇಜಿನ ಮೇಲಿಟ್ಟರು. ಮುಖ್ಯೋಪಾಧ್ಯಾಯನೂ ನಾನೇ, ತಂದೆಯೂ ನಾನೇ. ಆ ಪತ್ರ ಡ್ರಾಯರಿನಿಂದ ಹೊರಬರಲಿಲ್ಲ. ಮುಂದಿನ ವರ್ಷ ಹತ್ತನೆಯ ತರಗತಿ, ಓದಿಗೆ ತೊಂದರೆ ಎಂದು ಅವರಿಗೆ ಹೇಳಿದೆ. ಅದು ಪೂರ್ತಿ ನಿಜವಲ್ಲ. ಹೆಡ್‌ಮಾಸ್ತರರ ಮಗಳು ಚಡ್ಡಿ ಹಾಕಿಕೊಂಡು ನಾಲ್ಕು ಜನರ ಮುಂದೆ ಓಡಿದರೆ ಊರು ಏನೆನ್ನುತ್ತದೋ ಎಂಬ ಅಂಜಿಕೆಯೇ ದೊಡ್ಡದಾಗಿತ್ತು. ಬೇರೆಯವರ ಹೆಣ್ಣುಮಕ್ಕಳ ಓದಿಗಾಗಿ ಮನೆಮನೆಗೆ ಹೋಗಿ ವಾದಿಸಿದವನೂ ನಾನೇ ಎಂಬುದನ್ನು ನೆನೆದರೆ ಇಂದಿಗೂ ಮುಜುಗರವಾಗುತ್ತದೆ.

ಫೆಬ್ರವರಿಯ ಕೊನೆಯ ಒಂದು ಭಾನುವಾರ, ನಾನೂ ಬರುತ್ತೇನೆಂದೆ. ಹ್ಯಾರಿಯೆಟ್ ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿ, ಹೀಟರ್ ಹಾಕಿ, ನನ್ನನ್ನು ಒಳಗೆ ಕೂರಿಸಿ ಓಡತೊಡಗಿದಳು. ಕೆರೆಯ ಸುತ್ತಳತೆ ಸುಮಾರು ಮೂರು ಮೈಲಿ. ನಗರದವರು ಹಾದಿಯ ಹಿಮವನ್ನು ಬದಿಗೆ ತಳ್ಳಿ ಎರಡೂ ಕಡೆ ಸೊಂಟದೆತ್ತರದ ಗೋಡೆಯಾಗಿತ್ತು. ಆ ಬಿಳಿಯ ಗೋಡೆಗಳ ನಡುವೆ ಅವಳ ಹಣೆದೀಪ ಮಿಣುಕುಹುಳುವಿನಂತೆ ದೂರವಾಯಿತು. ಕೈಗಡಿಯಾರ ನೋಡಿಕೊಂಡೆ. ಶಾಲೆಯ ದಿನಗಳಲ್ಲಿ ಒಮ್ಮೆಯೂ ಅವಳ ಓಟಕ್ಕೆ ನಾನು ಗಡಿಯಾರ ಹಿಡಿದು ನಿಂತವನಲ್ಲ.

ಕೆರೆಯ ಆಚೆ ಬೆಳಕು ಹರಿಯುವ ಹೊತ್ತಿಗೆ ದೀಪ ಮತ್ತೆ ಕಾಣಿಸಿತು. ಕಾರಿನಲ್ಲಿ ಕೂರಲಾಗದೆ ಬಾಗಿಲು ತೆರೆದು ಇಳಿದೆ. ಗಾಳಿ ಮುಖಕ್ಕೆ ಚೂರಿಯಂತೆ ಹಾಯಿತು. ಅವಳ ಹೆಜ್ಜೆಯ ಸದ್ದು ಮೊದಲು ಬಂತು: ಒಣ ರಾಗಿಯನ್ನು ಕಲ್ಲಿನಲ್ಲಿ ಬೀಸುವಂಥ ಕರಕರ ಸದ್ದು. ಹತ್ತಿರ ಬಂದು, ಮೊಣಕಾಲಿನ ಮೇಲೆ ಕೈಯೂರಿ ಬಾಗಿ, "ಎಷ್ಟಾತು ಅಪ್ಪಾ?" ಎಂದು ಕೇಳಿದಳು.

"ಮೂವತ್ತೊಂದು ನಿಮಿಷ, ತಾಯೀ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಯಿಂದ ತಾನಾಗಿ ಬಂತು: "ಆವತ್ತು ನಿಮ್ಮ ಮೇಷ್ಟ್ರು ಕರ್ನೂಲಿಗೆ ಕಳಿಸಬೇಕಂತ ಪತ್ರ ಕೊಟ್ಟಿದ್ರು..."

ಅವಳು ರೆಪ್ಪೆಯ ಮೇಲಿನ ಹಿಮವನ್ನು ಕೈಗವಸಿನಿಂದ ಒರೆಸಿಕೊಂಡಳು.

"ಗೊತ್ತೈತಿ ಬಿಡ್ರಿ ಅಪ್ಪಾ, ಆವತ್ತೇ ಗೊತ್ತಿತ್ತು. ಮೊದ್ಲು ಒಳಗ ಕೂಡ್ರಿ, ನಿಮ್ಮ ಕಿವಿ ಕೆಂಪಗಾಗ್ಯಾವು."