ಎದುರು ಮನೆಯ ಕಳವು

ನಮ್ಮದು ಮಲ್ಲೇಶ್ವರದ ಒಂದು ಅಡ್ಡರಸ್ತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕೆಂದು ಬಸವನಗುಡಿಯನ್ನೂ ನಮ್ಮ ಬಡಾವಣೆಯನ್ನೂ ಕಟ್ಟಿದರು. ಗಾಳಿ ಬೆಳಕಿಗೆಂದು ರಸ್ತೆಗಳನ್ನು ಅಗಲವಾಗಿ ಬಿಟ್ಟರು. ಹೊಲಸು ಸಾಗಿಸಲೆಂದು ಹಿತ್ತಲುಗಳ ಹಿಂದೆ ಓಣಿಗಳನ್ನೂ ಇಟ್ಟರು. ಹೀಗೆ ರೋಗದ ಭಯದಿಂದ ಹುಟ್ಟಿದ ಬಡಾವಣೆಯೊಳಗೆ, ನಮ್ಮ ಬೀದಿಯ ಮಟ್ಟಿಗೆ ಹೇಳುವುದಾದರೆ, ಈಚೆಗೆ ಕಳ್ಳರ ಭಯ ಹೊಕ್ಕಿದೆ. ಅದು ಹೊಕ್ಕುದರಲ್ಲಿ ನನ್ನ ಪಾಲೂ ಒಂದಿಷ್ಟುಂಟು. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ನಾಲ್ಕು ಮಾತು.

ಕಳೆದ ವರುಷ ಶ್ರಾವಣದ ಒಂದು ಮಧ್ಯಾಹ್ನ. ಊಟ ಮುಗಿಸಿ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಎದುರು ಮನೆಯಿಂದ ಇಬ್ಬರು ತರುಣರು ಎರಡು ಚೀಲಗಳನ್ನು ಹಿಡಿದು ಹೊರಗೆ ಬಂದರು. ಗೇಟನ್ನು ಸದ್ದಾಗದಂತೆ ಮುಚ್ಚಿ ಮೋಟಾರ್ ಸೈಕಲ್ ಹತ್ತಿದರು. ಅವರಲ್ಲೊಬ್ಬ ನನ್ನ ಕಡೆ ನೋಡಿ ತಲೆಯಾಡಿಸಿದ. ನಾನೂ ತಲೆಯಾಡಿಸಿದೆ. ಆ ಮನೆಯವರು ಬಂದು ಒಂದೂವರೆ ವರುಷವಾಗಿತ್ತು. ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗತಕ್ಕವರು, ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದಾರೆ ಎಂಬುದಿಷ್ಟೇ ನನಗೆ ಗೊತ್ತಿದ್ದುದು. ಯಾರೋ ನೆಂಟರಿರಬೇಕೆಂದುಕೊಂಡು ಮತ್ತೆ ಪತ್ರಿಕೆಯಲ್ಲಿ ಮುಖವಿಟ್ಟೆ.

ದೇವಸ್ಥಾನದಿಂದ ಹಿಂತಿರುಗಿದ ಆ ತಾಯಿ ಕಂಡುದು ಒಡೆದ ಹಿತ್ತಲ ಬಾಗಿಲು, ಬರಿದಾದ ಬೀರು. ತವರಿನವರು ಕೊಟ್ಟಿದ್ದ ನಾಲ್ಕು ಬಳೆಗಳೂ ಹೋಗಿದ್ದುವು. ಸಂಜೆ ನಾನು ಅವರ ಮನೆಗೆ ಹೋಗಿ ಕಂಡುದೆಲ್ಲವನ್ನೂ ಹೇಳಿದೆ. ಆಕೆ ಕೋಪಿಸಿಕೊಳ್ಳಲಿಲ್ಲ. “ನೀವೇನು ಮಾಡಲಾದೀತು ರಾಯರೆ? ನಮ್ಮ ಮನೆಯವರು ಯಾರು, ಹೊರಗಿನವರು ಯಾರು ಎಂದು ನಿಮಗೆ ಹೇಗೆ ತಿಳಿಯಬೇಕು?” ಎಂದರು. ಸಮಾಧಾನಕ್ಕೆಂದು ಆಡಿದ ಮಾತು ಅದು. ನನಗಂತೂ ಬೈದಿದ್ದರೆ ಮೇಲಾಗಿತ್ತು ಎನ್ನಿಸಿತು.

ಮಗನಿಗೆ ದೂರು ಕೊಡಲು ಮನಸ್ಸಿರಲಿಲ್ಲ. “ಹೋದ ಬಳೆ ಬಂದೀತೆ? ಅಲೆದಾಟವೊಂದೇ ಲಾಭ” ಎಂದರು. ಪಕ್ಕದ ಮನೆಯ ಹಿರಿಯರು, ಬಡಾವಣೆಯ ಹೆಸರು ಕೆಟ್ಟೀತು, ಬಾಡಿಗೆ ಇಳಿದೀತು ಎಂದು ದನಿಗೂಡಿಸಿದರು. “ಅಪರಾಧದ ದರ ಇಲ್ಲಿ ಎಷ್ಟೋ ಕಡಿಮೆ, ನಾವೇ ಏಕೆ ಏರಿಸಬೇಕು?” ಎಂಬುದು ಅವರ ವಾದ.

ಈ ದರವೆಂಬುದರ ಸ್ವರೂಪವನ್ನು ಗೃಹಸ್ಥರು ಅರಿತಿರುವುದು ಒಳ್ಳೆಯದು. ಒಂದು ಲಕ್ಷ ಜನಸಂಖ್ಯೆಗೆ ವರುಷವೊಂದರಲ್ಲಿ ಎಷ್ಟು ಪ್ರಕರಣಗಳು ದಾಖಲಾದುವು ಎಂಬುದೇ ಅದು. ದೇಶದ ಅಂಕಿಗಳನ್ನೆಲ್ಲ ಕೂಡಿಸಿ ಪ್ರಕಟಿಸುವುದಕ್ಕೆ 1986ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಇದೆ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತಿ ಘೋರವಾದುದೊಂದನ್ನೇ ಲೆಕ್ಕಕ್ಕೆ ಹಿಡಿಯುವುದು ಅಲ್ಲಿಯ ಪದ್ಧತಿ. ದೂರೇ ಕೊಡದ ಕಳವಿಗೆ ಆ ಲೆಕ್ಕದಲ್ಲಿ ಎಡೆಯೇ ಇಲ್ಲ. ಠಾಣೆಯನ್ನು ನಂಬಿ ಹೋಗುವ ಜನರಿರುವ ಬೀದಿಯ ಅಂಕಿ ದೊಡ್ಡದಾಗಿಯೂ, ನುಂಗಿಕೊಂಡು ಸುಮ್ಮನಿರುವವರ ಬೀದಿಯ ಅಂಕಿ ಚಿಕ್ಕದಾಗಿಯೂ ಕಾಣಬಹುದು. ಗಸ್ತು ಯಾವ ಬೀದಿಗೆ ಬೇಕೆಂಬುದು ದಾಖಲೆಯಿಂದಲ್ಲದೆ ಮತ್ತಾವುದರಿಂದ ತಿಳಿಯಬೇಕು?

ನನ್ನ ಮಾತು ನಡೆಯಿತು. ಮಗನೊಡನೆ ನಾನೂ ಠಾಣೆಗೆ ಹೋದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಮಿನಂತೆ ವಾಸದ ಮನೆಯಲ್ಲಿ ಕಳವು ಮಾಡಿದವನಿಗೆ ಏಳು ವರುಷಗಳವರೆಗೆ ಸೆರೆವಾಸ ವಿಧಿಸಬಹುದು. ದೂರು ಬರೆದುಕೊಂಡರು, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ನಿಯಮದಂತೆ ಹಣವಿಲ್ಲದೆ ಕೊಟ್ಟರು. ಅಧಿಕಾರಿ ನನ್ನನ್ನು ಕೇಳಿದುದು ಒಂದೇ ಪ್ರಶ್ನೆ: “ಕಣ್ಣಾರೆ ಕಂಡಿರಿ, ಯಾರೆಂದು ಕೇಳಲಿಲ್ಲವೆ?” ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ಎಂದೋ ಓದಿದ ಪುಸ್ತಕವೊಂದು ನೆನಪಿಗೆ ಬಂದಿತು. ಅಮೆರಿಕದ ಜೇನ್ ಜೇಕಬ್ಸ್ ಎಂಬಾಕೆ ನಗರಗಳ ವಿಷಯವಾಗಿ 1961ರಲ್ಲಿ ಪ್ರಕಟಿಸಿದ ಗ್ರಂಥ ಅದು. ಬೀದಿಯ ಶಾಂತಿಯನ್ನು ಮುಖ್ಯವಾಗಿ ಕಾಯುವವರು ಪೊಲೀಸರಲ್ಲ, ಅಲ್ಲಿ ಬಾಳುವ ಜನರೇ ಎಂಬುದು ಆಕೆಯ ವಾದ. ನ್ಯೂಯಾರ್ಕಿನ ತಮ್ಮ ಬೀದಿಯಲ್ಲಿ ಕಂಡ ಸಂಗತಿಯೊಂದನ್ನು ಆಕೆ ಬರೆದಿದ್ದಾರೆ. ಎಂಟೊಂಬತ್ತು ವರುಷದ ಹುಡುಗಿಯೊಬ್ಬಳನ್ನು ಒಬ್ಬಾತ ಕರೆದೊಯ್ಯಲು ನೋಡುತ್ತಿದ್ದ. ಅವಳು ಒಲ್ಲೆನೆಂದು ನಿಂತಿದ್ದಳು. ಅಂಗಡಿಗಳಿಂದ ಒಬ್ಬೊಬ್ಬರಾಗಿ ಹೊರಬಂದು ನಿಂತರು. ವಿಚಾರಿಸಲಾಗಿ ಆತ ಹುಡುಗಿಯ ತಂದೆಯೇ! ಅಲ್ಲಿ ನಿರಪರಾಧಿಯೊಬ್ಬನಿಗಾಗಿ ಬೀದಿಯೇ ಎದ್ದು ಬಂದಿತು. ಇಲ್ಲಿ ಕಳ್ಳರಿಬ್ಬರಿಗೆ ನಾನು ತಲೆಯಾಡಿಸಿ ಕಳುಹಿಸಿಕೊಟ್ಟೆ.

ಕಳವಾದ ಮೇಲೆ ನಮ್ಮ ಬೀದಿಯಲ್ಲಿ ಕಾಂಪೌಂಡುಗಳು ಎತ್ತರವಾದುವು. ಏಳು ಮನೆಗಳಿಗೆ ಕ್ಯಾಮರಾಗಳು ಬಂದುವು. ಬೇಡವೆನ್ನಲಾರೆ. ಆದರೆ ಹೂವಿನವಳನ್ನೂ ತರಕಾರಿಯವನನ್ನೂ ಬೀದಿಯೊಳಕ್ಕೆ ಬಿಡಬಾರದೆಂದು ಕೆಲವರು ಹೇಳತೊಡಗಿದಾಗ ನಾನು ಸುಮ್ಮನಿರಲಾರದೆ ಹೋದೆ. ಆ ಇಬ್ಬರು ತರುಣರು ಎರಡು ದಿನ ಮೊದಲೇ ಹಿಂದಿನ ಓಣಿಯಲ್ಲಿ ಸುಳಿದಾಡಿದುದನ್ನು ಗುರುತಿಸಿದ್ದವಳು ಅದೇ ಹೂವಿನವಳು. ಯಾವ ಮನೆಯಲ್ಲಿ ಎಷ್ಟು ಜನ, ಯಾರ ಮಗಳು ಊರಿಂದ ಬಂದಿದ್ದಾಳೆ ಎಂಬುದೆಲ್ಲ ಅವಳಿಗೆ ಗೊತ್ತು. ಅವಳನ್ನು ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಬಳೆಗಳು ಸಿಕ್ಕಲಿಲ್ಲ. ಆದರೆ ನನ್ನಾಕೆಯೂ ಆ ತಾಯಿಯೂ ಈಗ ಸಂಜೆಗೆ ಒಟ್ಟಿಗೆ ದೇವಸ್ಥಾನಕ್ಕೆ ಹೋಗುತ್ತಾರೆ, ಬೀಗದಕೈ ನಮ್ಮಲ್ಲಿರುತ್ತದೆ. ಮೊನ್ನೆ ಆ ಮನೆಯಿಂದ ಹುಡುಗನೊಬ್ಬ ಚೀಲ ಹೊತ್ತು ಹೊರಬಂದ. ನಾನು ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ, “ಯಾರಪ್ಪ ನೀನು?” ಎಂದು ಕೇಳಿದೆ. ಅವನ ಮುಖ ಗಂಟಾಯಿತು. ಆಕೆಯ ಮಗಳ ಮಗನಂತೆ, ಮೈಸೂರಿನಿಂದ ಬಂದವನು. ನಾನು ನಾಚಿ ನಿಂತಿರಲಾಗಿ ಒಳಗಿನಿಂದ ಆಕೆಯ ನಗು ಕೇಳಿಸಿತು: “ಕೇಳಿದ್ದು ಒಳ್ಳೆಯದೇ ಆಯಿತು ರಾಯರೆ. ಬನ್ನಿ, ಕಾಫಿ ಕುಡಿದು ಹೋಗುವಿರಂತೆ.”